ಮೈಲಾರಪ್ಪನ ದಕ್ಷಿಣ

ಹಮ್ಮಿಗಿಯಲ್ಲಿ ಮನೆ ಕಟ್ಟಿಸುವವರು ಮುಹೂರ್ತಕ್ಕೆ ಅಯ್ಯನವರನ್ನು ಕೇಳುತ್ತಾರೆ, ದಾರಕ್ಕೆ ಮೈಲಾರಪ್ಪನನ್ನು ಕೇಳುತ್ತಾರೆ. ಪಾಯ ಅಗೆಯುವ ಮೊದಲು ನಾಲ್ಕು ಮೂಲೆಗೆ ಗೂಟ ಬಡಿದು ದಾರ ಎಳೆಯಬೇಕಲ್ಲ, ಆ ದಾರ. ಅವನು ಗೋಡೆ ಕಟ್ಟುವ ಗೌಂಡಿ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಆದರೂ ದಾರ ಹಿಡಿಯುವ ಮರ್ಯಾದೆಯನ್ನು ಊರು ಅವನಿಗೇ ಬಿಟ್ಟಿದೆ. ಊರಲ್ಲಿ ಮೈಲಾರಪ್ಪ ಎಂಬವರು ನಾಲ್ಕು ಜನ. ಇವನು ದಾರದ ಮೈಲಾರಪ್ಪ.

ಆ ಹೆಸರು ಕಿವಿಗೆ ಬಿದ್ದರೆ ಸಾಕು, ಅವನ ಬೆನ್ನು ತಾನೇ ನೆಟ್ಟಗಾಗುತ್ತದೆ. ಮುಚ್ಚುಮರೆ ಏಕೆ, ಜಂಬ ತುಸು ಜಾಸ್ತಿಯೇ. ಬೀಗರ ಮನೆಗೆ ಹೋದರೂ ಚಹಾ ಬರುವುದರೊಳಗೆ ಒಂದು ಕಣ್ಣು ಮುಚ್ಚಿ ಅವರ ಗೋಡೆ ಅಳೆದು, ಅಯ್ಯೋ ಪಾಪ ಎನ್ನುವಂತೆ ತಲೆ ಅಲ್ಲಾಡಿಸುವ ಮನುಷ್ಯ. ಅವನ ಹೆಂಡತಿ ಕಳಕವ್ವ ಇದಕ್ಕಾಗಿಯೇ ಅವನನ್ನು ಮದುವೆ ಮುಂಜಿಗಳಲ್ಲಿ ಗೋಡೆಗೆ ಬೆನ್ನು ಮಾಡಿ ಕೂರಿಸುತ್ತಾಳೆ.

ಈ ಜಂಬಕ್ಕೆಲ್ಲ ಬುನಾದಿ ಅವನ ಸ್ವಂತ ಮನೆ. ಮೂವತ್ತೊಂದು ವರ್ಷದ ಹಿಂದೆ, ಆ ಕಡೆ ಬರೀ ಜಾಲಿ ಕಂಟಿ ಇದ್ದಾಗ, ತಾನೇ ದಾರ ಎಳೆದು ತಾನೇ ಕಟ್ಟಿದ್ದು. ಪೂರ್ವಕ್ಕೆ ಬಾಗಿಲು, ಉತ್ತರದಿಂದ ದಕ್ಷಿಣಕ್ಕೆ ಮೂವತ್ತಡಿಯ ಮುಂದಿನ ಗೋಡೆ. ಆಮೇಲೆ ಆ ಗೋಡೆಯನ್ನೇ ನೋಡಿಕೊಂಡು, ಅದಕ್ಕೇ ದಾರ ಹಚ್ಚಿ ಸಾಲಾಗಿ ಹನ್ನೊಂದು ಮನೆ ಎದ್ದವು. ಇಡೀ ಓಣಿ ಒಂದೇ ಗೆರೆಯಲ್ಲಿದೆ. ಹೊಸಬರು ಯಾರಾದರೂ ಊರಿಗೆ ಬಂದರೆ ಮೈಲಾರಪ್ಪ ಅವರನ್ನು ಓಣಿಯ ತುದಿಗೆ ನಿಲ್ಲಿಸಿ, "ಒಂದ ಕಣ್ಣ ಮುಚ್ಚರಿ. ಈಗ ನೋಡ್ರಿ. ಸೂರ್ಯಾ ದಿಕ್ಕ ತಪ್ಪಿದ್ರೂ ತಪ್ಪಬಹುದು, ನನ್ನ ಗ್ವಾಡಿ ತಪ್ಪೂದಿಲ್ಲ" ಎನ್ನುತ್ತಾನೆ.

ಓಣಿಯ ಕೊನೆಗೆ ಒಂದು ಜಾಗ ಖಾಲಿ ಉಳಿದಿತ್ತು. ಅದು ಗಾದಿ ತುಂಬುವ ಬುಡ್ಡೇಸಾಬನದು. ಹತ್ತಿ ಬಡಿದು ಗಾದಿ ಹೊಲಿದು ಅರ್ಧ ತಾಲೂಕನ್ನು ಮೆತ್ತಗೆ ಮಲಗಿಸಿದ ಬುಡ್ಡೇಸಾಬ ಇಷ್ಟು ದಿನ ಬಾಡಿಗೆ ಮನೆಯಲ್ಲೇ ಇದ್ದ. ಈ ಮಾಘದಲ್ಲಿ ಅವನಿಗೂ ಮನೆ ಕಟ್ಟುವ ಕಾಲ ಕೂಡಿ ಬಂತು. ಅವನು ಮೈಲಾರಪ್ಪನ ಕಟ್ಟೆಯ ಮೇಲೆ ಬಂದು ಕೂತು ಹೇಳಿದ:

"ಬರೂ ಶುಕ್ರವಾರ ಪಾಯಾ ಮೈಲಾರಣ್ಣ. ನಿನ್ನ ಗ್ವಾಡಿ ಹಿಡದ ದಾರಾ ಎಳಿ. ಒಂದ ಮಾತು, ಪಶ್ಚಿಮದ ಗ್ವಾಡಿ ಖರೆ ಪಶ್ಚಿಮಕ್ಕ ಇರಬೇಕು. ಅದಕ್ಕ ಮುಖಾ ಮಾಡಿ ನಮಾಜಿಗೆ ನಿಂತಾಗ ಮನಸಿನ್ಯಾಗ ಅನುಮಾನ ಬರಬಾರದು ನೋಡು."

"ನನ್ನ ಗ್ವಾಡಿ ಹಿಡದ ಮ್ಯಾಲ ಅನುಮಾನದ ಮಾತ ಎಲ್ಲಿಂದ ಬಂತೋ" ಎಂದು ಮೈಲಾರಪ್ಪ ನಕ್ಕ.

ಬುಡ್ಡೇಸಾಬ ಚಹಾ ಕುಡಿದು ಎದ್ದು ಹೋದ. ಮೈಲಾರಪ್ಪ ಮಾಳಿಗೆ ಹತ್ತಿದ. ಅಲ್ಲಿ ಅವನಿಗೆ ಬೇರೆ ಕೆಲಸ ಕಾದಿತ್ತು.

ಗಾರೆ ಹಚ್ಚುವ ಕರಣಿ ಕೆಳಗಿಟ್ಟ ಮೇಲೆ ಅವನಿಗೆ ಹತ್ತಿದ ಹೊಸ ಚಟ ಡಿಶ್ಶಿನದು. ಟಿವಿಯಲ್ಲಿ ಕಳಕವ್ವನಿಗೆ ಧಾರಾವಾಹಿ ಬೇಕು, ಮೈಲಾರಪ್ಪನಿಗೆ ಗೋಡೆ ಬೇಕು. ಯಾವುದೋ ಚಳಿ ದೇಶದ ಚಾನೆಲ್ಲಿನಲ್ಲಿ ಯಾರೋ ಅಡುಗೆ ಮಾಡುತ್ತಿದ್ದರೆ ಇವನು ಅವರ ಹಿಂದಿನ ಇಟ್ಟಿಗೆ ಎಣಿಸುತ್ತಾನೆ. ಭಾಷೆ ಒಂದಕ್ಷರ ತಿಳಿಯುವುದಿಲ್ಲ. "ಮಾತಿಗೇನ, ಗ್ವಾಡಿ ಎಲ್ಲಾ ಕಡೆ ಒಂದ ಭಾಷಾ ಮಾತಾಡತಾವು" ಎನ್ನುತ್ತಾನೆ. ಗದಗಿನಲ್ಲಿ ಡಿಶ್ ಅಂಗಡಿ ಇಟ್ಟ ಶಾನವಾಜ ಎಂಬ ಹುಷಾರಿ ಮನುಷ್ಯನ ಪರಿಚಯವಾದ ಮೇಲಂತೂ ಚಟ ತಲೆಗೇರಿತು. ಅವನ ಅಂಗಡಿಯ ಮೇಲೆ ಮೈಲಾರಪ್ಪ ಒಂದು ದಿನ ಮೋಟಾರಿನ ಡಿಶ್ ನೋಡಿಬಿಟ್ಟ. ಕೆಳಗೆ ಕೂತು ರಿಮೋಟಿನ ಗುಂಡಿ ಒತ್ತಿದರೆ ಮೇಲೆ ಡಿಶ್ ಗುರ್ರ್ ಎಂದು ತಾನೇ ಹೊರಳುತ್ತದೆ. ಒಂದು ಉಪಗ್ರಹ ಬಿಟ್ಟು ಇನ್ನೊಂದನ್ನು ನೋಡುತ್ತದೆ. ಮೈಲಾರಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ವಾರ ನಾಲ್ಕಡಿ ಅಗಲದ ಡಿಶ್ಶು, ಮೋಟಾರು, ಮೂರಿಂಚಿನ ಕೊಳವೆ ಎಲ್ಲ ಬಸ್ಸಿನ ಮೇಲೆ ಹಮ್ಮಿಗಿಗೆ ಬಂದಿಳಿದವು.

"ಇದೇನ್ರಿ, ಯಾರ ಮದವಿಗೆ ತಂದ್ರಿ ಈ ಕೊಪ್ಪರಿಗಿ?" ಎಂದಳು ಕಳಕವ್ವ. ಅಂದಿನಿಂದ ಅದಕ್ಕೆ ಕೊಪ್ಪರಿಗಿ ಎಂದೇ ಹೆಸರಾಯಿತು.

ಶಾನವಾಜ ಕೂಡಿಸುವ ರೀತಿಯನ್ನು ಚೆನ್ನಾಗಿ ಬಿಡಿಸಿ ಹೇಳಿಕೊಟ್ಟಿದ್ದ. ಉಪಗ್ರಹಗಳೆಲ್ಲ ಆಕಾಶದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಿಲ್ಲಿನ ಹಾಗೆ ಬಾಗಿದ ಒಂದು ಸಾಲಿನಲ್ಲಿ ನಿಂತಿರುತ್ತವೆ. ಡಿಶ್ ಹೊರಳುವಾಗ ಆ ಬಿಲ್ಲಿನ ಮೇಲೆಯೇ ಹೊರಳಬೇಕು. ಅದಕ್ಕೆ ಮೂರೇ ಮಾತು. ಕಂಬ ನೆಟ್ಟಗಿರಬೇಕು, ಮೋಟಾರಿನ ಓರೆ ನಮ್ಮ ಊರಿನ ಲೆಕ್ಕಕ್ಕೆ ಸರಿಯಿರಬೇಕು, ಮೋಟಾರಿನ ಸೊನ್ನೆಯ ಗುರುತು ಕರಾರುವಾಕ್ಕಾಗಿ ದಕ್ಷಿಣಕ್ಕೆ ನೋಡಬೇಕು. ಮೂರೂ ಕೂಡಿದರೆ ಒಂದಾದ ಮೇಲೊಂದು ಉಪಗ್ರಹ ತಾನಾಗಿ ಸಿಗುತ್ತದೆ. ಕೊನೆಗೆ ಮೋಟಾರನ್ನು ಕಂಬದ ಮೇಲೆ ಅತ್ತಿತ್ತ ಕೂದಲೆಳೆ ಸರಿಸಿ, ಸಿಗ್ನಲ್ ಎಲ್ಲಿ ಏರುತ್ತದೋ ಅಲ್ಲಿ ಬಿಗಿಯಬೇಕು.

ಕಂಬದ ಮಾತು ಬಂದರೆ ಮೈಲಾರಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಕಡೆಯಿಂದ ತೂಕದ ಗುಂಡು ಬಿಟ್ಟು ನೋಡಿ ಕಾಂಕ್ರೀಟಿನಲ್ಲಿ ನಿಲ್ಲಿಸಿದ. ಏಳು ದಿನ ಕಳಕವ್ವನ ಕೈಯಿಂದ ನೀರು ಹಾಕಿಸಿದ. ಓರೆಯ ಡಿಗ್ರಿಯನ್ನು ಶಾನವಾಜ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಬುಡ್ಡೇಸಾಬ ಬಂದು ಹೋದ ಆ ದಿನಕ್ಕೆ ಉಳಿದದ್ದು ದಕ್ಷಿಣವೊಂದೇ. ಮೊಬೈಲಿನ ದಿಕ್ಸೂಚಿ ಒಂದು ಕಡೆ ತೋರಿಸಿತು, ಮುಂದಿನ ಗೋಡೆ ಇನ್ನೊಂದು ಕಡೆ ತೋರಿಸಿತು. ಸ್ಲ್ಯಾಬಿನಲ್ಲಿ ಕಬ್ಬಿಣದ ಸಲಾಖಿ ಇರುತ್ತದೆ, ಅದರ ಮೇಲೆ ನಿಂತ ಮೊಬೈಲಿನ ಮಾತು ಯಾರು ನಂಬಬೇಕು? ಮೈಲಾರಪ್ಪ ಗೋಡೆಯ ಗುಂಟ ಸುಣ್ಣ ಹಚ್ಚಿದ ದಾರ ಎಳೆದು, ಅದರ ಗೆರೆಗೆ ಮೋಟಾರಿನ ಗುರುತು ಹೊಂದಿಸಿ, ಮೈಮೇಲಿನ ಬಲವೆಲ್ಲ ಹಾಕಿ ನಟ್ಟು ಬಿಗಿದ. ಅತ್ತಿತ್ತ ಸರಿಸುವ ಗೋಜಿಗೆ ಹೋಗಲಿಲ್ಲ. ಸರಿ ಇರುವುದನ್ನು ಸರಿಸುವುದು ಯಾವ ಶಾಸ್ತ್ರ?

ಆಮೇಲೆ ಶುರುವಾಯಿತು ಪಡಿಪಾಟಲು. ನೆತ್ತಿಯ ಹತ್ತಿರದ ಉಪಗ್ರಹ ಡಿಶ್ಶನ್ನು ತುಸು ಎತ್ತಿ ಇಳಿಸಿದ ಮೇಲೆ ಸಿಕ್ಕಿತು. ಪೂರ್ವಕ್ಕೆ ಹೊರಳಿಸಿದರೆ ಚಿತ್ರ ಚೂರುಚೂರಾಗಿ ಮಾಯವಾಯಿತು. ಪೂರ್ವದ್ದನ್ನು ಹಿಡಿದರೆ ಪಶ್ಚಿಮದ್ದು ಹೋಯಿತು. ಕೆಳಗೆ ದಿಗಂತದ ಕಡೆ ಇದ್ದವಂತೂ ಮೂಸಿಯೂ ನೋಡಲಿಲ್ಲ. ಮೈಲಾರಪ್ಪ ಮೇಲೆ ನಟ್ಟು ತಿರುವುವ ಪಾನಾ ಹಿಡಿದು ನಿಂತರೆ ಕಳಕವ್ವ ಕೆಳಗೆ ಟಿವಿ ಮುಂದೆ ನಿಂತು ಕಿಟಕಿಯಿಂದ ಕೂಗುತ್ತಿದ್ದಳು.

"ಬಂತ್ರಿ."

"ಈಗ?"

"ಹೋತ್ರಿ."

"ಈಗ?"

"ಹೋದದ್ದ ಎಲ್ಲಿ ಬರತೈತ್ರಿ. ಒಲಿ ಮ್ಯಾಲ ಪಲ್ಯಾ ಹೊತ್ತಾಕತ್ತೈತಿ, ನಾ ಹೊಂಟೆ."

ಎರಡು ದಿನ ಇದೇ ಹಾಡು. ಕಳಕವ್ವನ ಧಾರಾವಾಹಿ ಪೂರ್ವದ ಉಪಗ್ರಹದ್ದು, ಎರಡು ಕಂತು ತಪ್ಪಿದವು. ಅಲ್ಲಿ ಸೊಸೆಗೆ ವಿಷ ಹಾಕಿದರೋ ಬಿಟ್ಟರೋ ತಿಳಿಯದೆ ಅವಳ ಸಹನೆ ಮುಗಿಯುತ್ತ ಬಂದಿತ್ತು. ಮಂಗಳವಾರ ಮೈಲಾರಪ್ಪ ಶಾನವಾಜನಿಗೆ ಫೋನು ಹಚ್ಚಿದ.

"ಗೌಂಡಿ ಕಾಕಾ, ಕಂಬ ವಾಲಿರಬೇಕು, ಇಲ್ಲಾ ದಕ್ಷಿಣ ತಪ್ಪಿರಬೇಕು" ಎಂದ ಶಾನವಾಜ.

"ಕಂಬಾ ನಿಲ್ಲಿಸಿದಾಂವ ನಾನು."

"ಹಂಗಾರ ದಕ್ಷಿಣ ತಪ್ಪೈತಿ. ದಕ್ಷಿಣ ಎಲ್ಲಿಂದ ಹಿಡದ್ರಿ?"

"ನನ್ನ ಗ್ವಾಡಿಯಿಂದ."

ಶಾನವಾಜ ಬಹಳ ಮೆತ್ತಗೆ, "ಒಮ್ಮಿ ಬಿಸಲಿನ್ಯಾಗ ನೋಡ್ರಿ ಕಾಕಾ. ಉಪಗ್ರಹಕ್ಕ ನಿಮ್ಮ ಗ್ವಾಡಿ ಗೊತ್ತಿಲ್ಲ" ಎಂದ.

ಮೈಲಾರಪ್ಪನಿಗೆ ಮೈ ಉರಿಯಿತು. ಗದಗಿನ ಅಂಗಡಿಯಲ್ಲಿ ಕೂತವನು ಹಮ್ಮಿಗಿಯ ಗೋಡೆಯಲ್ಲಿ ತಪ್ಪು ತೆಗೆಯುವುದೆಂದರೇನು. ತೋರಿಸಿಯೇ ಬಿಡುತ್ತೇನೆ ಎಂದು ಬುಧವಾರ ಬೆಳಿಗ್ಗೆ ಮಾಳಿಗೆ ಹತ್ತಿದ. ಲಕ್ಷ್ಮೇಶ್ವರದಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದರು ನೆರಳಿನಿಂದ ದಿಕ್ಕು ಹಿಡಿಯುವುದನ್ನೂ ಕಲಿಸಿದ್ದರು. ಸಲಾಖಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ದಾರ ಹಿಡಿದು ಸುತ್ತ ಒಂದು ದುಂಡಗಿನ ಗೆರೆ ಹಾಕಬೇಕು. ಬೆಳಿಗ್ಗೆ ನೆರಳು ಕುಗ್ಗುತ್ತ ಬಂದು ಅದರ ತುದಿ ಗೆರೆಗೆ ತಾಗಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೋಗಿ ಮತ್ತೆ ತಾಗಿದಲ್ಲಿ ಇನ್ನೊಂದು ಗುರುತು. ಎರಡನ್ನೂ ಕೂಡಿಸಿದರೆ ಅದೇ ಪೂರ್ವಪಶ್ಚಿಮ. ಅದಕ್ಕೆ ಮೂಲೆಮಟ್ಟ ಇಟ್ಟು ಅಡ್ಡಗೆರೆ ಎಳೆದರೆ ದಕ್ಷಿಣೋತ್ತರ. ಮೈಲಾರಪ್ಪ ತಲೆಗೆ ಟವೆಲ್ ಸುತ್ತಿ ಇಡೀ ದಿನ ಕಾದ. ಕಳಕವ್ವ ರೊಟ್ಟಿ ಮೇಲೆಯೇ ತಂದುಕೊಟ್ಟಳು.

ಮೂರೂವರೆಗೆ ಎರಡನೆಯ ಗುರುತು ಬಿತ್ತು. ಗೆರೆ ಎಳೆದ. ಮೂಲೆಮಟ್ಟ ಇಟ್ಟ. ದಕ್ಷಿಣದ ಗೆರೆಯನ್ನು ಗೋಡೆಯ ಕಡೆ ಉದ್ದಕ್ಕೆ ಎಳೆದ. ಎರಡೂ ಕೂಡಲಿಲ್ಲ. ಮೂಲೆಮಟ್ಟ ತಿರುವಿ ಇಟ್ಟು ನೋಡಿದ, ಸಲಾಖಿಗೆ ಗುಂಡು ಬಿಟ್ಟು ನೋಡಿದ. ಕೂಡಲಿಲ್ಲ. ಟೇಪು ಹಿಡಿದ. ಮೂವತ್ತಡಿಯ ಗೋಡೆ ದಕ್ಷಿಣದ ತುದಿಗೆ ಹೋಗುವುದರೊಳಗೆ ಎರಡಡಿ ಒಳಗೆ ಸರಿದಿತ್ತು.

ನಟ್ಟು ಸಡಿಲಿಸಿ ಮೋಟಾರನ್ನು ಹೊಸ ಗೆರೆಗೆ ಸರಿಸಿದ. ಕಂಬದ ಮೇಲೆ ಅದು ಜೋಳದ ಕಾಳಿನಷ್ಟು ದೂರವೂ ಇರಲಿಲ್ಲ. ಬಿಗಿದು, ಕೆಳಗಿಳಿದು ರಿಮೋಟ್ ಒತ್ತಿದ. ಮೇಲೆ ಗುರ್ರ್ ಎಂದಿತು. ನೆತ್ತಿಯದು ಬಂತು, ಪೂರ್ವದ್ದು ಬಂತು, ಪಶ್ಚಿಮದ್ದು ಬಂತು, ದಿಗಂತದ ಕಡೆಯದೂ ಬಂತು. ಎಲ್ಲೆಲ್ಲಿಯದೋ ದೇಶದವರು ಒಬ್ಬರಾದ ಮೇಲೊಬ್ಬರು ಬಂದು ನಕ್ಕು ಮಾತಾಡಿ ಹೋದರು. ಮೈಲಾರಪ್ಪ ಅವರ ಗೋಡೆಗಳ ಕಡೆ ಕಣ್ಣೆತ್ತಿ ನೋಡಲಿಲ್ಲ.

"ಎಲ್ಲಾ ಬಂದಾವಲ್ರಿ. ಮತ್ತ ಮಾರಿ ಯಾಕ ಹಿಂಗ ಮಾಡೀರಿ?" ಕಳಕವ್ವ ಶೇಂಗಾ ಸುಲಿಯುತ್ತ ಕೇಳಿದಳು.

"ಕೊಪ್ಪರಿಗಿ ನೆಟ್ಟಗಾತು. ಮನಿ ಸೊಟ್ಟ ಆತು."

"ಏನಂದ್ರಿ?"

"ನಮ್ಮ ಮನಿ ಸೊಟ್ಟ ಐತಿ. ಎರಡಡಿ ತಪ್ಪೈತಿ. ನನಗ ತಿಳೀವಲ್ದು. ಪಾಯಾ ಹಾಕೂಕಿಂತ ಒಂದ ತಿಂಗಳ ಮೊದ್ಲ ನಾ ನೆಳ್ಳ ನೋಡಿ ಎರಡೂ ಮೂಲಿಗೆ ಕಲ್ಲ ಇಟ್ಟಿದ್ದೆ. ಖರೆ ದಿಕ್ಕಿಗೇ ಇಟ್ಟಿದ್ದೆ."

ಕಳಕವ್ವನ ಕೈ ನಿಂತಿತು. "ಎರಡಡಿ ಅಂದ್ರಿ? ದಕ್ಷಿಣದ ಮೂಲ್ಯಾಗ?"

ತಪ್ಪಿದ್ದು ಯಾವ ಮೂಲೆ ಎಂದು ಮೈಲಾರಪ್ಪ ಹೇಳಿರಲೇ ಇಲ್ಲ. ತಿರುಗಿ ಹೆಂಡತಿಯ ಮುಖ ನೋಡಿದ.

ಮೂವತ್ತೊಂದು ವರ್ಷದ ಹಿಂದೆ ಈ ಮನೆಗೆ ಪಾಯ ಹಾಕಿದ ದಿನ ಮುಹೂರ್ತ ಸೂರ್ಯ ಹುಟ್ಟುವ ಮೊದಲೇ ಇತ್ತು. ಶ್ರಾವಣದ ಮೋಡ. ಉತ್ತರದ ತುದಿಯಲ್ಲಿ ದಾರ ಹಿಡಿದು ಕೂತವನು ಮೈಲಾರಪ್ಪ, ದಕ್ಷಿಣದ ತುದಿಗೆ ಗೂಟ ಸುತ್ತಿಗೆ ಹಿಡಿದು ಹೋದವಳು ಕಳಕವ್ವ. ಮದುವೆಯಾಗಿ ಎರಡನೆಯ ವರ್ಷ, ಚೊಚ್ಚಲ ಬಸುರಿ.

"ಅಲ್ಲೊಂದು ಹುತ್ತ ಎದ್ದಿತ್ರಿ" ಎಂದಳು ಅವಳು. "ಮಳಿ ಬಿದ್ದ ಮ್ಯಾಲ ಎದ್ದದ್ದು. ನೀವು ಇಟ್ಟ ಕಲ್ಲು ಅದರ ಬುಡದಾಗ ಹೂತ ಹೋಗಿತ್ತು. ನಾಗರ ಪಂಚಮಿ ಇನ್ನ ನಾಕ ದಿನಾ ಇತ್ತು, ನಾನೋ ಬಸುರಿ. ಹುತ್ತಕ್ಕ ಗೂಟಾ ಬಡಿಯೂದು ಹೆಂಗ? ಎರಡಡಿ ಒಳಗ ಬಡದೆ. ಎರಡಡ್ಯಾಗ ಏನಾಗತೈತಿ ಅಂದ್ಕೊಂಡೆ."

"ಮೂವತ್ತೊಂದ ವರ್ಷಾತು. ಒಂದ ದಿನಾ ಹೇಳಲಿಲ್ಲ ನೀ."

"ನೀವು ಕೇಳಿದ್ದರ ಹೇಳತಿದ್ದೆ. ಆ ಗ್ವಾಡಿ ಬಗ್ಗೆ ನೀವು ದಿನಾ ಹೇಳೋರು, ಒಂದ ದಿನಾರ ಕೇಳೋರಲ್ಲ."

ಮೈಲಾರಪ್ಪನಿಗೆ ಸಿಟ್ಟು ಬಂತು. ಖರೆ ಹೇಳಬೇಕೆಂದರೆ ಕಣ್ಣಲ್ಲಿ ನೀರೂ ಬಂತು. ಆ ಮೊದಲ ದಾರಕ್ಕೇ ಮೂಲೆಮಟ್ಟ ಇಟ್ಟು ಉಳಿದ ಗೋಡೆಗಳನ್ನೆಲ್ಲ ಎಬ್ಬಿಸಿದ್ದ. ಮೂಲೆಗಳು ಸರಿ, ಗೋಡೆಗಳು ಸರಿ, ಇಡೀ ಮನೆಯೇ ತಿರುಗಿ ಕೂತಿದೆ. ಅದರ ಹಿಂದೆ ಹನ್ನೊಂದು ಮನೆ. ನಾಡಿದ್ದು ಬುಡ್ಡೇಸಾಬನದು ಹನ್ನೆರಡನೆಯದು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬುಡ್ಡೇಸಾಬನ ಗೋಡೆ ಓಣಿಗೆ ಚೆಂದಾಗಿ ಹೊಂದುತ್ತದೆ, ದಾರದ ಮೈಲಾರಪ್ಪ ದಾರದ ಮೈಲಾರಪ್ಪನಾಗಿಯೇ ಉಳಿಯುತ್ತಾನೆ. ಆದರೆ ಆ ಮನುಷ್ಯ ದಿನಕ್ಕೆ ಐದು ಸಲ ಆ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಬಾಯಿ ಬಿಟ್ಟು ಕೇಳಿದ್ದಾನೆ, ಅನುಮಾನ ಬರಬಾರದು ಎಂದು. ಇನ್ನೊಂದು ದಾರಿಯೂ ಇತ್ತು. ಗೂಟ ಬಡಿದವಳು ನನ್ನ ಹೆಂಡತಿ ಎಂದುಬಿಟ್ಟರೆ ಹೆಸರು ಉಳಿಯುತ್ತದೆ. ಉಸ್ತಾದರ ಶಿಷ್ಯ ದಿಕ್ಕು ಸರಿಯಾಗಿಯೇ ಹಿಡಿದಿದ್ದ, ಹೆಂಗಸಿನ ಕೈಯಲ್ಲಿ ತಪ್ಪಿತು ಅನ್ನುತ್ತಾರೆ. ಸುಳ್ಳೂ ಅಲ್ಲ. ಅದನ್ನು ಮೈಲಾರಪ್ಪ ಬಾಯಲ್ಲಿ ಎರಡು ಸಲ ಆಡಿಸಿ ನೋಡಿದ.

ಗುರುವಾರ ಬೆಳಗಾದರೆ ಅವನು ಮನೆಯಲ್ಲಿಲ್ಲ. ಬುಡ್ಡೇಸಾಬನ ಖಾಲಿ ಜಾಗದ ನಡುವೆ ಸಲಾಖಿ ನೆಟ್ಟು, ಸುತ್ತ ಗೆರೆ ಹಾಕಿ, ಕೊಡೆ ಹಿಡಿದು ಕೂತಿದ್ದ. ದಾರಿಯಲ್ಲಿ ಹೋಗುವವರು ಏನೋ ಶಾಸ್ತ್ರ ಇರಬೇಕು ಎಂದುಕೊಂಡು ಹೋದರು. ಕಳಕವ್ವ ರೊಟ್ಟಿ ಅಲ್ಲಿಗೇ ತಂದಳು. ಅವನು ಮಾತಾಡಲಿಲ್ಲ, ರೊಟ್ಟಿ ಮಾತ್ರ ಪೂರಾ ತಿಂದ.

ಶುಕ್ರವಾರ ಬೆಳಿಗ್ಗೆ ಓಣಿಯೆಲ್ಲ ಸೇರಿತ್ತು. ಬುಡ್ಡೇಸಾಬ ಹೊಸ ಅಂಗಿ ತೊಟ್ಟು, ದಾರದ ಉಂಡೆ ಹಿಡಿದು ನಿಂತಿದ್ದ. ಕಳಕವ್ವ ಹೆಂಗಸರ ಹಿಂದೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಗಂಡ ತನ್ನ ಹೆಸರು ಹೇಳುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಹೇಳಲಿ, ಸುಳ್ಳೇನಲ್ಲವಲ್ಲ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು.

"ಬುಡ್ಡೇಸಾಬ, ನನ್ನ ಗ್ವಾಡಿ ಹಿಡದು ದಾರಾ ಎಳೀಬ್ಯಾಡ" ಎಂದ ಮೈಲಾರಪ್ಪ. "ನನ್ನ ಗ್ವಾಡಿ ಸೊಟ್ಟ ಐತಿ. ಮೂವತ್ತಡಿಗೆ ಎರಡಡಿ."

ಜನ ಚೇಷ್ಟೆ ಎಂದುಕೊಂಡು ನಕ್ಕರು. ಅವನು ನಗದಿದ್ದಾಗ ಒಬ್ಬೊಬ್ಬರಾಗಿ ಸುಮ್ಮನಾದರು.

"ಪಾಯಾ ಹಾಕಿದ ದಿನಾ ಆ ತುದಿ ಗೂಟಾ ಕಲ್ಲಿನ ಮ್ಯಾಲ ಬಿದ್ದಿರಲಿಲ್ಲ. ಎದ್ದ ಹೋಗಿ ನೋಡೂದು ಗೌಂಡಿ ಕೆಲಸ. ನಾ ಕುಂತಲ್ಲಿಂದ ಏಳಲಿಲ್ಲ. ತಪ್ಪ ನಂದು. ನನ್ನ ಗ್ವಾಡಿ ನೋಡಿ ಕಟ್ಟಿದವರದೂ ಎಲ್ಲಾ ಹಂಗ ಅದಾವು."

ಹನ್ನೊಂದು ಮನೆಯವರು ಹಿಂದೆ ತಿರುಗಿ ತಮ್ಮ ತಮ್ಮ ಮನೆ ನೋಡಿಕೊಂಡರು. ಕಳಕವ್ವ ನೆಲ ನೋಡುತ್ತ ನಿಂತಳು. ಬುಡ್ಡೇಸಾಬ ಕೇಳಿದ, "ಹಂಗಾರ ಖರೆ ಪಶ್ಚಿಮ ಎಲ್ಲೈತಿ?"

ಮೈಲಾರಪ್ಪ ನೆಲದ ಮೇಲಿನ ಗೆರೆ ತೋರಿಸಿದ. "ನಿನ್ನಿ ಹೊತ್ತ ಮುಳುಗೂತನಾ ಇಲ್ಲೇ ನೆಳ್ಳ ಕಾದೀನಿ. ಇದು ತಪ್ಪೂದಿಲ್ಲ ಅಂತ ಹೇಳಾಂವಲ್ಲ. ನಿನಗ ಬೇಕಾದ್ರ ನೀನೂ ಒಂದ ದಿನಾ ಕುಂತ ನೋಡು."

ಗುಂಪಿನಲ್ಲಿದ್ದ ಹಿರಿಯರೊಬ್ಬರು, "ಸಾಬಣ್ಣ, ಹನ್ನೆರಡ ಮನಿ ಒಂದ ಕಡೆ ನೋಡಿ, ನಿಂದೊಂದ ಬ್ಯಾರೆ ಕಡೆ ನೋಡಿದ್ರ ನಿನ್ನ ಮನೀನ ಸೊಟ್ಟ ಕಾಣತೈತಲ್ಲೋ" ಎಂದರು.

"ಕಾಣ್ಲಿ ಬಿಡ್ರಿ. ನಾ ನಮಾಜ ಮಾಡೂದು ಮನ್ಯಾಗ, ಓಣ್ಯಾಗಲ್ಲ" ಎಂದ ಬುಡ್ಡೇಸಾಬ. ದಾರದ ಉಂಡೆಯನ್ನು ಮೈಲಾರಪ್ಪನ ಮುಂದೆ ಚಾಚಿದ. "ಹಿಡಿ ಮೈಲಾರಣ್ಣ. ಬಿಸಲೇರಾಕತ್ತೈತಿ."

ಮೈಲಾರಪ್ಪ ಒಂದು ಗಳಿಗೆ ಆ ಉಂಡೆಯನ್ನೇ ನೋಡಿದ. ಆಮೇಲೆ ತೆಗೆದುಕೊಂಡ. ಆ ದಿನ ಅವನು ಪ್ರತಿ ಗೂಟದ ಹತ್ತಿರವೂ ಕುಂಟುತ್ತ ಹೋಗಿ, ಬಗ್ಗಿ, ಕೈಯಿಂದ ಮುಟ್ಟಿ ನೋಡಿದ. ಮೊಣಕಾಲು ಮೂರು ದಿನ ಸೇಡು ತೀರಿಸಿಕೊಂಡಿತು.

ಬುಡ್ಡೇಸಾಬನ ಮನೆ ಮುಂಗಾರಿನ ಹೊತ್ತಿಗೆ ಎದ್ದು ನಿಂತಿತು. ಹಿರಿಯರು ಹೇಳಿದ್ದು ಸುಳ್ಳಾಗಲಿಲ್ಲ. ಇಡೀ ಓಣಿಯಲ್ಲಿ ಅದೊಂದೇ ಮುನಿಸಿಕೊಂಡು ಮುಖ ತಿರುಗಿಸಿದಂತೆ ಕಾಣುತ್ತದೆ. ನೋಡಿದವರು ನಗುತ್ತಾರೆ. ಕಟ್ಟೆಯ ಮೇಲೆ ಕೂತ ಮೈಲಾರಪ್ಪ ಅವರನ್ನು ಕರೆದು ಕೂರಿಸಿ ವಿಷಯ ಹೇಳುತ್ತಾನೆ. ಹಿಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಷ್ಟೇ ಹುರುಪಿನಿಂದ ಹೇಳುತ್ತಾನೆ, ಆ ಸ್ವಭಾವ ಹೋಗುವಂಥದ್ದಲ್ಲ. ಗೂಟ ತಪ್ಪಿತ್ತು, ನಾ ನೋಡಲಿಲ್ಲ, ಇಷ್ಟೇ. ಯಾರು ಬಡಿದರು ಎನ್ನುವಲ್ಲಿಗೆ ಬಂದಾಗ ಅವನಿಗೆ ಪ್ರತಿ ಸಲವೂ ಕೆಮ್ಮು ಬರುತ್ತದೆ.

ಒಂದು ದಿನ ಮುಂಡರಗಿಯ ಗೌಂಡಿಯೊಬ್ಬ ಕೆಲಸಕ್ಕೆಂದು ಆ ದಾರಿಯಲ್ಲಿ ಬಂದ. ಓಣಿಯ ತುದಿಗೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

"ಆ ಕಡೀ ಮನಿಗೆ ದಾರಾ ಹಿಡದ ಶಾಣ್ಯಾ ಯಾರ್ರಿ?"

"ನಾನ. ಅದು ನೆಟ್ಟಗೈತಿ. ಸೊಟ್ಟ ಇರೂದು ನಾ ಕುಂತ ಈ ಮನಿ. ಬರ್ರಿ, ಕುಂಡ್ರಿ" ಎಂದು ಮೈಲಾರಪ್ಪ ಸರಿದು ಜಾಗ ಕೊಟ್ಟ. ಎಲ್ಲ ಹೇಳಿದ. ಕೇಳಿದ ಗೌಂಡಿ ತನ್ನ ಕಸುಬಿನ ಪ್ರಶ್ನೆಯನ್ನೇ ಕೇಳಿದ:

"ಅಲ್ರಿ, ಕಲ್ಲ ಇಟ್ಟಲ್ಲಿ ಬಿಟ್ಟು ಬ್ಯಾರೆ ಕಡೆ ಗೂಟಾ ಬಡದಾಂವ ಯಾಂವ?"

ಮೈಲಾರಪ್ಪನಿಗೆ ಕೆಮ್ಮು ಬಂತು. ಅಷ್ಟರಲ್ಲಿ ಕಳಕವ್ವ ಚಹಾದ ಕಪ್ಪು ಹಿಡಿದು ಹೊರಗೆ ಬಂದಳು. ಒಂದನ್ನು ಬಂದವನಿಗೆ ಕೊಟ್ಟಳು, ಒಂದನ್ನು ಗಂಡನಿಗೆ ಕೊಟ್ಟಳು. ಒಳಗೆ ಹೋಗದೆ ಬಾಗಿಲಿಗೆ ಆತು ನಿಂತಳು.

"ಬಡದಾಕಿ ನಾನ್ರಿ" ಎಂದಳು. "ಇವರು ಅದನ್ನೊಂದ ಬಿಟ್ಟ ಎಲ್ಲಾ ಹೇಳ್ತಾರು."

ಮುಂಡರಗಿಯ ಗೌಂಡಿ ಇಬ್ಬರನ್ನೂ ನೋಡಿದ. ಮೈಲಾರಪ್ಪ ಕಪ್ಪಿನೊಳಗೆ ಮುಖ ಇಟ್ಟು, "ಚಾ ಆರತೈತಿ, ಕುಡೀರಿ" ಎಂದ.